ಒರೆಗಾನ್‌ನಲ್ಲಿ ನೀರಿನ ಹಕ್ಕಿನ ಪ್ರಮಾಣಿತ ಪರೀಕ್ಷಕನಾಗಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ನಾನು ಒರೆಗಾನ್ ರಾಜ್ಯದಲ್ಲಿ ನೋಂದಾಯಿತ ವೃತ್ತಿಪರ ಸಿವಿಲ್ ಇಂಜಿನಿಯರ್. ಕೆಲವು ವರ್ಷಗಳಿಂದ ವಿಲಾಮೆಟ್ ಕಣಿವೆಯ ಹೊಲ ತೋಟಗಳಿಗೆ ಪಂಪು ಮತ್ತು ಕೊಳವೆ ಜಾಲಗಳನ್ನು ವಿನ್ಯಾಸ ಮಾಡಿಕೊಡುತ್ತಿದ್ದೇನೆ. ಪಂಪು ಓಡಲು ಆರಂಭಿಸಿದ ಮೇಲೆ ರೈತರು ನೀರು ಬಳಸುವ ಪರವಾನಗಿಯನ್ನು ಕೈಯಲ್ಲಿ ಹಿಡಿದು, ಇದನ್ನು ಶಾಶ್ವತ ಹಕ್ಕಾಗಿ ಮಾಡಿಕೊಳ್ಳಲು ಯಾರನ್ನು ಕರೆಸಬೇಕು ಎಂದು ಕೇಳುತ್ತಾರೆ. ನೀರಿನ ಬಳಕೆಯನ್ನು ಅಳೆದು ವರದಿ ಕೊಡುವ ಆ ಪ್ರಮಾಣಿತ ಪರೀಕ್ಷಕನ ಕೆಲಸವನ್ನು ನಾನೇ ಕಲಿತು ಮಾಡಬೇಕೆಂಬ ಆಸೆ ಗಟ್ಟಿಯಾಗಿದೆ. ಇಂಜಿನಿಯರ್ ನೋಂದಣಿಯೊಂದೇ ಸಾಕೇ, ಬೇರೆ ಪರೀಕ್ಷೆ ಇದೆಯೇ? ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇನ್ನೊಂದಿದೆ: ಸಂಭಾವನೆ ಕೊಡುವವನು ರೈತ, ಆದರೆ ಅಳತೆಯಲ್ಲಿ ಪರವಾನಗಿಗಿಂತ ಕಡಿಮೆ ನೀರು ಕಂಡುಬಂದರೆ ಪರೀಕ್ಷಕ ಏನು ಬರೆಯಬೇಕು?

ಮೊದಲ ಉತ್ತರ

ನೋಂದಣಿ ಬಾಗಿಲನ್ನು ತೆರೆಯುತ್ತದೆ, ಅಷ್ಟೆ. ವೃತ್ತಿಪರ ಇಂಜಿನಿಯರ್, ಭೂಮಾಪಕ ಅಥವಾ ಭೂವಿಜ್ಞಾನಿಯಾಗಿ ಈ ರಾಜ್ಯದಲ್ಲಿ ನೋಂದಾಯಿಸಿಕೊಂಡವರು, ಇಂಜಿನಿಯರಿಂಗ್ ಮತ್ತು ಭೂಮಾಪನ ಪರೀಕ್ಷಕರ ರಾಜ್ಯ ಮಂಡಳಿಯ ಮೂಲಕ ಇದಕ್ಕೆಂದೇ ಇರುವ ಪ್ರತ್ಯೇಕ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 1987ರ ಜುಲೈ 9ರ ನಂತರ ಕೊಟ್ಟ ಪರವಾನಗಿಗಳಲ್ಲಿ ಬಳಕೆಯ ಸಮೀಕ್ಷೆಗೆ ಪ್ರಮಾಣಿತ ಪರೀಕ್ಷಕನನ್ನು ನೇಮಿಸಿಕೊಳ್ಳುವ ಹೊಣೆ ಪರವಾನಗಿದಾರನದೇ ಆದ್ದರಿಂದ ಈ ವೃತ್ತಿ ಇಲ್ಲಿ ಬೆಳೆಯಿತು.

ಓದಿಗೆ ಕೂರುವ ಮೊದಲು ಕಾನೂನಿನ ಬುನಾದಿಯನ್ನು ಮನಸ್ಸಿಗೆ ತಂದುಕೊಳ್ಳಿ. 1909ರ ಜಲಸಂಹಿತೆಯ ಪ್ರಕಾರ ಇಲ್ಲಿನ ನೀರೆಲ್ಲವೂ ಸಾರ್ವಜನಿಕರದು. ಖಾಸಗಿಯವರಿಗೆ ಸಿಗುವುದು ಬಳಸುವ ಹಕ್ಕು ಮಾತ್ರ, ಅದೂ ಮೊದಲು ಬಂದವರಿಗೆ ಮೊದಲು ಎಂಬ ಆದ್ಯತೆಯ ಸಾಲಿನಲ್ಲಿ. ಬರಗಾಲದಲ್ಲಿ ಹೊಳೆ ಬತ್ತಿದಾಗ ಹಳೆಯ ದಿನಾಂಕದ ಹಕ್ಕುದಾರನಿಗೆ ಪೂರ್ತಿ ಸಿಕ್ಕಿದ ಮೇಲೆಯೇ ಹೊಸಬನ ಸರದಿ. ನೀವು ಬರೆಯುವ ಒಂದೊಂದು ಅಂಕಿಯೂ ಆ ಸಾಲಿನಲ್ಲಿ ನಿಂತಿರುವ ಇತರರ ಪಾಲನ್ನು ಮುಟ್ಟುತ್ತದೆ ಎಂಬುದನ್ನು ಮರೆಯದೆ ಓದಿದರೆ ನಿಯಮಗಳು ತಾವಾಗಿ ಅರ್ಥವಾಗುತ್ತವೆ.

ಎರಡನೆಯ ಉತ್ತರ

ನಾನು ಹಲವು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಯೇ ಇದರ ತಿರುಳು ಎಂದು ನನಗನ್ನಿಸುತ್ತದೆ. ಪರವಾನಗಿಯಲ್ಲಿರುವುದು ಗರಿಷ್ಠ ಮಿತಿ. ಶಾಶ್ವತ ಹಕ್ಕನ್ನು ಕೊಡುವ ಪ್ರಮಾಣಪತ್ರದಲ್ಲಿ ಬರುವುದು ಆ ಮಿತಿಯೊಳಗೆ ನಿಜವಾಗಿ ಬಳಸಿದ ನೀರು. ಇವೆರಡರ ನಡುವಿನ ಅಂತರವನ್ನು ಅಳೆದು ಹೇಳುವುದಕ್ಕಾಗಿಯೇ ಪರೀಕ್ಷಕನಿದ್ದಾನೆ.

ಒಂದು ಲೆಕ್ಕದಿಂದ ವಿವರಿಸುತ್ತೇನೆ (ಸೆಕೆಂಡಿಗೆ ಒಂದು ಘನ ಅಡಿ ಹರಿಯುವ ನೀರು ಒಂದು ಕ್ಯೂಸೆಕ್). ನೀರಾವರಿಗೆ ಎಕರೆಗೆ ಒಂದು ಕ್ಯೂಸೆಕ್‌ನ 80ನೇ ಒಂದು ಭಾಗ ಎಂಬ ದರದಲ್ಲಿ 40 ಎಕರೆಗೆ 0.5 ಕ್ಯೂಸೆಕ್ ಪರವಾನಗಿ ಇದೆ ಎಂದಿಟ್ಟುಕೊಳ್ಳಿ. ಸ್ಥಳದಲ್ಲಿರುವುದು 10 ಅಶ್ವಶಕ್ತಿಯ ಸೆಂಟ್ರಿಫ್ಯೂಗಲ್ ಪಂಪು, ನೀರೆತ್ತುವ ಎತ್ತರ 20 ಅಡಿ, ತುಂತುರು ಕೊಳವೆಯ ಒತ್ತಡ ಚದರ ಅಂಗುಲಕ್ಕೆ 50 ಪೌಂಡ್. ಪ್ರತಿ ಪೌಂಡಿಗೆ 2.31 ಅಡಿಯಂತೆ ಒತ್ತಡವು 115.5 ಅಡಿಗೆ ಸಮವಾಗಿ, ಒಟ್ಟು 135.5 ಅಡಿಯಾಗುತ್ತದೆ. ಶೇ 75ರ ದಕ್ಷತೆಯನ್ನು ಒಳಗೊಂಡ 6.61 ಎಂಬ ಗುಣಕವನ್ನು ಅಶ್ವಶಕ್ತಿಯಿಂದ ಗುಣಿಸಿ ಈ ಎತ್ತರದಿಂದ ಭಾಗಿಸಿದರೆ ಸುಮಾರು 0.49 ಕ್ಯೂಸೆಕ್ ಬರುತ್ತದೆ, ಅಂದರೆ ಪಂಪಿನ ಸಾಮರ್ಥ್ಯ ಪರವಾನಗಿಗಿಂತ ಕೂದಲೆಳೆಯಷ್ಟು ಕಡಿಮೆ. ಆದರೆ ಹೊಲದಲ್ಲಿ ನಡೆದು ನೋಡಿದಾಗ ನೀರು ಕಂಡದ್ದು 32 ಎಕರೆ ಮಾತ್ರ, ಉಳಿದ 8 ಎಕರೆಗೆ ಕೊಳವೆಯೇ ಹೋಗಿಲ್ಲ ಎಂದಾದರೆ ನೀವು ಬರೆಯಬೇಕಾದದ್ದು 32 ಎಕರೆ ಮತ್ತು 0.4 ಕ್ಯೂಸೆಕ್. ಪಂಪು ದೊಡ್ಡದು ಎಂಬುದು ನೀರು ಕಾಣದ ನೆಲಕ್ಕೆ ಹಕ್ಕು ತಂದುಕೊಡುವುದಿಲ್ಲ.

ರೈತನಿಗೆ ಇದು ನೋವಿನ ಮಾತು, ನಾನು ಬಲ್ಲೆ. ಹಾಗಾಗಿಯೇ ಬಳಕೆಯನ್ನು ಪೂರ್ಣಗೊಳಿಸಲು ಪರವಾನಗಿಯಲ್ಲಿ ಕೊಟ್ಟ ಅವಧಿ ಮುಗಿಯುವ ಮುನ್ನ ಒಮ್ಮೆ ಹೋಗಿ ನೋಡಿಬರುವುದು ಅವನಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ: ಕೊಳವೆ ಹಾಕಿಸಿಕೊಳ್ಳಲು ಸಮಯವಿರುತ್ತದೆ, ಸಕಾರಣವಿದ್ದರೆ ರಾಜ್ಯದ ಜಲ ಸಂಪನ್ಮೂಲ ಇಲಾಖೆಗೆ ಅವಧಿ ವಿಸ್ತರಣೆ ಕೇಳಬಹುದು. ಬಳಕೆ ಪೂರ್ಣಗೊಂಡ ಅಥವಾ ಅದಕ್ಕೆ ಕೊಟ್ಟ ಗಡುವು ಮುಗಿದ ಒಂದು ವರ್ಷದೊಳಗೆ ನಕ್ಷೆ ಮತ್ತು ವರದಿ ಇಲಾಖೆಯನ್ನು ತಲುಪಬೇಕು. ಕೊನೆಯ ವಾರದಲ್ಲಿ ಕರೆ ಬಂದರೆ ಕಂಡದ್ದನ್ನು ಬರೆಯುವುದಲ್ಲದೆ ಬೇರೆ ದಾರಿ ಉಳಿಯುವುದಿಲ್ಲ.

ಮೂರನೆಯ ಉತ್ತರ

ಭೂಮಾಪಕನಾಗಿ ಒಂದು ಮಾತು ಸೇರಿಸುತ್ತೇನೆ. ಇಂಜಿನಿಯರ್‌ಗಳು ಪಂಪಿನ ಲೆಕ್ಕದಲ್ಲಿ ಗಟ್ಟಿಯಾಗಿದ್ದರೂ ನಕ್ಷೆಯಲ್ಲಿ ಎಡವುವುದನ್ನು ಕಂಡಿದ್ದೇನೆ. ನೀರು ತೆಗೆಯುವ ಬಿಂದುವನ್ನು ನೆಲವನ್ನು ಚೌಕಗಳಾಗಿ ವಿಂಗಡಿಸಿದ ಸಾರ್ವಜನಿಕ ಭೂಮಾಪನದ ಮಾನ್ಯ ಮೂಲೆಕಲ್ಲಿಗೆ ದೂರ ಮತ್ತು ದಿಕ್ಕಿನೊಂದಿಗೆ ಜೋಡಿಸಬೇಕು. ನೀರು ಕಂಡ ನೆಲವನ್ನು ಒಂದು ಚದರ ಮೈಲಿಯ ಚೌಕದ ಕಾಲುಭಾಗದ ಕಾಲುಭಾಗಗಳಲ್ಲಿ, ಅಂದರೆ 40 ಎಕರೆಯ ತುಂಡುಗಳಲ್ಲಿ, ಒಂದೊಂದಕ್ಕೂ ಬೇರೆಯಾಗಿ ಲೆಕ್ಕ ಹಾಕಬೇಕು. 1851ರಲ್ಲಿ ನೆಟ್ಟ ವಿಲಾಮೆಟ್ ಮೂಲಬಿಂದುವಿನಿಂದ ಹೊರಟ ಈ ಚೌಕಗಳನ್ನು ಓದುವ ಅಭ್ಯಾಸವನ್ನು ಪರೀಕ್ಷೆಗೆ ಮೊದಲೇ ಮಾಡಿಕೊಳ್ಳಿ.

ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲೂ ಇಂಥ ಪರೀಕ್ಷಕರಿದ್ದಾರೆ, ಆದರೆ ಅಲ್ಲಿಯ ಪ್ರಮಾಣೀಕರಣ ಪರಿಸರ ವಿಜ್ಞಾನ ಇಲಾಖೆಯದು. ಅಲ್ಲಿ ಕೆಲಸ ಮಾಡುವ ಯೋಚನೆಯಿದ್ದರೆ ಅದನ್ನು ಬೇರೆಯೇ ಪಡೆಯಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. 8 ಎಕರೆಯ ಉದಾಹರಣೆ ನನ್ನ ಗೊಂದಲವನ್ನು ನೀಗಿಸಿತು. ಸ್ಥಳ ಪರಿಶೀಲನೆಗೆ ಚಳಿಗಾಲದಲ್ಲಿ ಹೋಗಬಹುದೇ, ಬೆಳೆಯಿರುವಾಗಲೇ ಹೋಗಬೇಕೇ?

ಎರಡನೆಯ ಉತ್ತರ ಬರೆದವರು

ಸಾಧ್ಯವಿದ್ದರೆ ಪಂಪು ಓಡುತ್ತಿರುವ ಬೇಸಿಗೆಯಲ್ಲೇ ಹೋಗಿ. ಒತ್ತಡದ ಮಾಪಕವನ್ನು ಕಣ್ಣಾರೆ ಓದಬಹುದು, ತುಂತುರು ಎಲ್ಲಿಯವರೆಗೆ ಬೀಳುತ್ತದೆ ಎಂಬುದನ್ನು ಹೆಜ್ಜೆಯಿಟ್ಟು ನೋಡಬಹುದು, ಹಸಿರು ನಿಂತು ಒಣನೆಲ ಆರಂಭವಾಗುವ ಗೆರೆ ಹೊಲದಲ್ಲೇ ಕಾಣಿಸುತ್ತದೆ.