14ನೇ ನಂಬರಿನ ಜರ್ಸಿಯೋ, 9ರದ್ದೋ? ಕ್ವಾರ್ಟರ್‌ಬ್ಯಾಕ್‌ಗಳನ್ನು ನಂಬಿ ಅನುಭವವಿದ್ದವರು ಹೇಳಿ

ಪ್ರಶ್ನೆ: ಮಿನಿಯಾಪೊಲಿಸ್‌ನಿಂದ, ಜನವರಿ 2025

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಗನಿಗೆ ಹತ್ತು ತುಂಬುತ್ತದೆ. ಹುಟ್ಟುಹಬ್ಬಕ್ಕೆ ವೈಕಿಂಗ್ಸ್ ತಂಡದ ಜರ್ಸಿ ಬೇಕಂತೆ. ಬೆಲೆ ನೂರು ಡಾಲರಿನ ಮೇಲಿದೆ, ವರ್ಷವರ್ಷವೂ ಕೊಡಿಸುವ ಮಾತಲ್ಲ. ಯಾರ ಹೆಸರಿನದು ಎಂಬಲ್ಲಿ ಅಪ್ಪ ಮಗ ಇಬ್ಬರೂ ಸಿಕ್ಕಿಕೊಂಡಿದ್ದೇವೆ.

ಈ ಆಟ ನೋಡದವರಿಗಾಗಿ ಎರಡು ಮಾತು. ಅಮೆರಿಕನ್ ಫುಟ್‌ಬಾಲಿನಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು, ಎಸೆಯಬೇಕೋ ಬೇಡವೋ ಎಂದು ಅವನು ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸಬೇಕು, ಅಷ್ಟರಲ್ಲಿ ನೂರಿಪ್ಪತ್ತು ಕಿಲೋ ತೂಗುವ ಆಳುಗಳು ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ಆಟಗಾರರ ಸಂಬಳಕ್ಕೆ ಲೀಗ್ ಒಂದು ಮಿತಿ ಹಾಕಿದೆ. 2024ರಲ್ಲಿ ಅದು ತಂಡವೊಂದಕ್ಕೆ 25.54 ಕೋಟಿ ಡಾಲರ್. ಹೆಸರಾಂತ ಕ್ವಾರ್ಟರ್‌ಬ್ಯಾಕ್ ವರ್ಷಕ್ಕೆ 5 ಕೋಟಿ ಕೇಳುತ್ತಾನೆ. ಅವನಿಗೆ ಕೊಟ್ಟಷ್ಟೂ ಉಳಿದವರಿಗೆ ಕಡಿಮೆ.

ನಮ್ಮ ತಂಡ ಕಳೆದ ಏಪ್ರಿಲ್‌ನಲ್ಲಿ ಜೆ.ಜೆ. ಮೆಕಾರ್ಥಿಯನ್ನು ಡ್ರಾಫ್ಟಿನ 10ನೆಯ ಆಯ್ಕೆಯಾಗಿ ತಂದಿತು. ಡ್ರಾಫ್ಟ್ ಎಂದರೆ ಕಾಲೇಜಿನ ಆಟಗಾರರನ್ನು ತಂಡಗಳು ಸರದಿಯಂತೆ, ಸುತ್ತುಸುತ್ತಾಗಿ ಆರಿಸಿಕೊಳ್ಳುವ ವರ್ಷದ ಕಾರ್ಯಕ್ರಮ. ಮಿಷಿಗನ್ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪಟ್ಟ ಗೆದ್ದುಕೊಟ್ಟ ಹುಡುಗ. ಆಗಸ್ಟ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ, ಶಸ್ತ್ರಚಿಕಿತ್ಸೆಯಾಗಿ, ವರ್ಷವಿಡೀ ಕುಳಿತ. ಅವನ ಬದಲು ಆಡಿದ್ದು ಸ್ಯಾಮ್ ಡಾರ್ನಾಲ್ಡ್. 2018ರಲ್ಲಿ ಜೆಟ್ಸ್ ತಂಡ 3ನೆಯ ಆಯ್ಕೆಯಾಗಿ ಕರೆತಂದು ಕೈಬಿಟ್ಟವನು. ಒಂದು ವರ್ಷಕ್ಕೆ 1 ಕೋಟಿ ಡಾಲರಿಗೆ ಬಂದವನು 35 ಟಚ್‌ಡೌನ್ (ಈ ಆಟದ ಗೋಲು ಎನ್ನಿ) ಎಸೆದು 14 ಪಂದ್ಯ ಗೆಲ್ಲಿಸಿದ. ಕೊನೆಗೆ ಡೆಟ್ರಾಯಿಟ್‌ನಲ್ಲಿ 31–9, ಸೋತವರು ಮನೆಗೆ ಹೋಗುವ ಪ್ಲೇಆಫ್‌ ಹಂತದಲ್ಲಿ ರ್‍ಯಾಮ್ಸ್ ಎದುರು 27–9, ಎರಡೂ ಸೋಲು. ಆ ಎರಡನೆಯ ಪಂದ್ಯದಲ್ಲಿ ಅವನನ್ನು ಒಂಬತ್ತು ಸಲ ಕೆಡವಿದರು. ಐದನೆಯ ಸಲಕ್ಕೆ ಮಗ ಎದ್ದು ಹೋಗಿ ಮಲಗಿದ.

ಮಾರ್ಚ್‌ನಲ್ಲಿ ಡಾರ್ನಾಲ್ಡ್ ಒಪ್ಪಂದ ಮುಗಿಯುತ್ತದೆ. ಅವನ ನಂಬರು 14, ಮೆಕಾರ್ಥಿಯದು 9. ಆಟದ ಪಾಂಡಿತ್ಯ ಬೇಡ. ನಿಮ್ಮ ಊರಿನ ತಂಡ ಇಂಥದೇ ಇಕ್ಕಟ್ಟಿನಲ್ಲಿ ಸಿಕ್ಕಾಗ ಏನಾಯಿತು, ನಿಮಗೆ ಏನನ್ನಿಸಿತು, ಅಷ್ಟು ಬರೆಯಿರಿ.

ಮಿಲ್ವಾಕಿಯಿಂದ

ಸರ್, ಕಣ್ಣು ಮುಚ್ಚಿ 9 ತೆಗೆದುಕೊಳ್ಳಿ. ನಿಮ್ಮ ಎದುರಾಳಿ ಗ್ರೀನ್ ಬೇ ಪ್ಯಾಕರ್ಸ್ ತಂಡದ ಕಡೆಯವನು ವೈಕಿಂಗ್ಸ್‌ಗೆ ಬುದ್ಧಿ ಹೇಳುವುದು ಎಂದರೆ ಶಕುನಿಯ ಸಲಹೆ ಎನ್ನುತ್ತೀರೇನೋ, ಆದರೂ ಕೇಳಿ.

ನಾನು ವಿಸ್ಕಾನ್ಸಿನ್‌ಗೆ ಬಂದದ್ದು 2007ರ ಡಿಸೆಂಬರ್‌ನಲ್ಲಿ. ಆಗ ಈ ಆಟದ ಚೆಂಡು ಏಕೆ ಉದ್ದಕ್ಕಿದೆ ಎಂಬುದೂ ಗೊತ್ತಿರಲಿಲ್ಲ. ಮೂರು ತಿಂಗಳಿಗೆ ಪ್ಯಾಕರ್ಸ್‌ನ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಟಿವಿಯಲ್ಲಿ ಅತ್ತು ನಿವೃತ್ತಿ ಹೇಳಿದ. ನನ್ನ ಪಕ್ಕದ ಮೇಜಿನ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ತಲೆಯ ಮೇಲೆ ಗೋಡೆಯಲ್ಲಿ ತಂಡದ ಷೇರುಪತ್ರ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಈ ತಂಡಕ್ಕೆ ಧಣಿ ಇಲ್ಲ, ಇಂದು ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಲಾಭಾಂಶವೂ ಬಾರದ, ಮಾರಲೂ ಆಗದ ಷೇರು! ದೇವಸ್ಥಾನದ ರಸೀತಿಯಂತೆ ಇಟ್ಟುಕೊಳ್ಳುತ್ತಾರೆ.

ಬೇಸಿಗೆಗೆ ಫಾರ್ವ್ ಮನಸ್ಸು ಬದಲಿಸಿದ, ಆಡುತ್ತೇನೆ ಎಂದ. ಆಡಳಿತದವರು, ಇಲ್ಲ, 2005ರಲ್ಲಿ 24ನೆಯವನಾಗಿ ತಂದು ಮೂರು ವರ್ಷ ಬೆಂಚಿನಲ್ಲಿ ಕೂರಿಸಿದ ಆರನ್ ರಾಜರ್ಸ್ ಇದ್ದಾನೆ ಎಂದು ಫಾರ್ವ್‌ನನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕಳಿಸಿಬಿಟ್ಟರು. ರಾಜರ್ಸ್ ಮೊದಲ ವರ್ಷ ಗೆದ್ದದ್ದು 6, ಸೋತದ್ದು 10. ಪ್ರತಿ ಸೋಮವಾರ ಆ ಹಿರಿಯರು ಮೇಜು ಕುಟ್ಟಿ "ನೋಡಿದಿರಾ?" ಎನ್ನುತ್ತಿದ್ದರು. ಮರುವರ್ಷ ಫಾರ್ವ್ ನಿಮ್ಮ ಊರಿಗೇ ಬಂದು, ನಿಮ್ಮ ನೇರಳೆ ಬಣ್ಣ ತೊಟ್ಟು, ನಮ್ಮನ್ನು ಎರಡು ಸಲ ಸೋಲಿಸಿದಾಗ ನಾನೂ ಅವರ ಜೊತೆ ಕುಟ್ಟಿದೆ. 2011ರ ಫೆಬ್ರುವರಿಯಲ್ಲಿ ರಾಜರ್ಸ್ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ಮೇಲೆ ಯಾರೂ ಆ ಮಾತೆತ್ತಲಿಲ್ಲ.

2020ರಲ್ಲಿ ಮತ್ತೆ ಅದೇ ಕಥೆ. ರಾಜರ್ಸ್ ಇರುವಾಗಲೇ ಜಾರ್ಡನ್ ಲವ್‌ನನ್ನು 26ನೆಯವನಾಗಿ ತಂದರು. ಸಿಟ್ಟಿಗೆದ್ದ ರಾಜರ್ಸ್ ಸತತ ಎರಡು ವರ್ಷ ಲೀಗಿನ ಅತ್ಯುತ್ತಮ ಆಟಗಾರನಾದ. ಬೈದವರಲ್ಲಿ ನಾನೂ ಒಬ್ಬ. 2023ರಲ್ಲಿ ಅವನನ್ನೂ ಅದೇ ಜೆಟ್ಸ್‌ಗೆ ಕಳಿಸಿದರು. ಮೊದಲ ಪಂದ್ಯದಲ್ಲಿ ನಾಲ್ಕನೆಯ ಸಲ ಚೆಂಡು ಕೈಗೆ ಬಂದಾಗಲೇ ಅವನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಇತ್ತ ಲವ್ ಅದೇ ಋತುವಿನಲ್ಲಿ ಡಲ್ಲಾಸ್‌ಗೆ ಹೋಗಿ ಪ್ಲೇಆಫ್‌ನಲ್ಲಿ 48–32 ಗೆದ್ದು ಬಂದ. ಎರಡು ಸಲವೂ ನಮ್ಮವರು ಇಕ್ಕಟ್ಟು ಬಂದ ದಿನ ಕುಳಿತು ತೀರ್ಮಾನಿಸಲಿಲ್ಲ, ಮೂರು ವರ್ಷ ಮೊದಲೇ ತೀರ್ಮಾನಿಸಿ ನಮ್ಮ ಬೈಗುಳ ತಿಂದರು.

ನ್ಯೂಜೆರ್ಸಿಯ ಎಡಿಸನ್‌ನಿಂದ

ಮಿಲ್ವಾಕಿಯವರಿಗೆ ಅದೃಷ್ಟವಿತ್ತು, ಬರೆದರು. ನಮ್ಮದು ನ್ಯೂಯಾರ್ಕ್ ಜೈಂಟ್ಸ್ ತಂಡ.

2023ರ ಜನವರಿ ನಿಮಗೆ ನೆನಪಿರಬೇಕು. ನಮ್ಮ ಕ್ವಾರ್ಟರ್‌ಬ್ಯಾಕ್ ಡ್ಯಾನಿಯಲ್ ಜೋನ್ಸ್ ನಿಮ್ಮ ಊರಿಗೇ ಬಂದು ಪ್ಲೇಆಫ್‌ನಲ್ಲಿ 31–24ಕ್ಕೆ ನಿಮ್ಮನ್ನು ಸೋಲಿಸಿದ. 301 ಗಜ ಎಸೆದ, 78 ಗಜ ಓಡಿದ. ನಮ್ಮ ಮನೆಯಲ್ಲಿ ಮಧ್ಯರಾತ್ರಿ ಕೇಸರಿಭಾತ್ ಆಯಿತು. ಆ ಒಂದು ಸಂಜೆಯ ಅಮಲಿನಲ್ಲಿ ಎರಡು ತಿಂಗಳಿಗೆ ಅವನಿಗೆ ನಾಲ್ಕು ವರ್ಷಕ್ಕೆ 16 ಕೋಟಿ ಡಾಲರ್ ಬರೆದುಕೊಟ್ಟರು. ಓಟಗಾರ ಸೇಕ್ವಾನ್ ಬಾರ್ಕ್ಲಿ ದೀರ್ಘ ಒಪ್ಪಂದ ಕೇಳಿದಾಗ ಕೈ ಹಿಡಿತ ಬಂತು. ಒಂದು ವರ್ಷ ತಳ್ಳಿ, ಮರುವರ್ಷ ಬಿಟ್ಟರು. ಅವನು ನೂರು ಮೈಲಿ ಆಚೆಯ ಫಿಲಡೆಲ್ಫಿಯಾಕ್ಕೆ ಹೋಗಿ ಈ ಋತುವಿನಲ್ಲಿ 2005 ಗಜ ಓಡಿದ್ದಾನೆ. ಜೋನ್ಸ್‌ನನ್ನು ನವೆಂಬರ್‌ನಲ್ಲಿ ಕೈಬಿಟ್ಟರು. ಈಗ ಎಲ್ಲಿದ್ದಾನೆ? ನಿಮ್ಮದೇ ವೈಕಿಂಗ್ಸ್ ಬೆಂಚಿನ ಮೇಲೆ!

ನನ್ನ ಬಳಿ ಅವನ 8ನೇ ನಂಬರಿನ ಜರ್ಸಿ ಇದೆ. ಹಿಮ ಗೋರುವಾಗ ಹಾಕಿಕೊಳ್ಳುತ್ತೇನೆ. ಡಾರ್ನಾಲ್ಡ್ ಒಳ್ಳೆಯವನೇ ಇರಬಹುದು. ಆದರೆ ಒಂದು ವರ್ಷದ ಆಟ ನೋಡಿ ನಾಲ್ಕು ವರ್ಷದ ಹಣ ಕೊಡುವಾಗ ಅದು ಅವನ ಆಟವೋ, ಸುತ್ತ ನಿಂತವರ ಆಟವೋ ಎಂದು ಕೇಳಿಕೊಳ್ಳಬೇಕು. ಜಸ್ಟಿನ್ ಜೆಫರ್ಸನ್‌ನಂಥವನು ಹಿಡಿಯಲು ನಿಂತಿದ್ದರೆ, ಓ'ಕಾನೆಲ್ ಅವರಂಥ ಕೋಚ್ ಕಿವಿಯಲ್ಲಿ ಹೇಳಿಕೊಡುತ್ತಿದ್ದರೆ, ಚೆಂಡು ಎಸೆಯುವುದು ಸ್ವಲ್ಪ ಸುಲಭವೇ.

ಸ್ಯಾನ್ ಡಿಯಾಗೊದಿಂದ

ನಾನು ಇಬ್ಬರ ಮಾತಿಗೂ ಅಡ್ಡ ಬರುತ್ತೇನೆ. 14 ಕೊಡಿಸಿ.

ನಮ್ಮ ಚಾರ್ಜರ್ಸ್ ತಂಡದಲ್ಲಿ ಡ್ರೂ ಬ್ರೀಸ್ ಎಂಬ ಕ್ವಾರ್ಟರ್‌ಬ್ಯಾಕ್ ಇದ್ದ. 2001ರಲ್ಲಿ ಎರಡನೆಯ ಸುತ್ತಿನಲ್ಲಿ ಬಂದವನು. 2003ರಲ್ಲಿ ಎಷ್ಟು ಕೆಟ್ಟದಾಗಿ ಆಡಿದ ಎಂದರೆ ನಲವತ್ತು ದಾಟಿದ ಡಗ್ ಫ್ಲೂಟಿಯನ್ನು ಅವನ ಜಾಗಕ್ಕೆ ಇಳಿಸಿದರು. ಇವನ ಕಥೆ ಮುಗಿಯಿತೆಂದು 2004ರ ಡ್ರಾಫ್ಟಿನಲ್ಲಿ ಫಿಲಿಪ್ ರಿವರ್ಸ್‌ನನ್ನು ತಂದರು. ಅದೇ ವರ್ಷ ಬ್ರೀಸ್‌ಗೆ ಏನು ಹೊಕ್ಕಿತೋ, ತಂಡ 12 ಗೆದ್ದಿತು. ಡಾರ್ನಾಲ್ಡ್ ಕಥೆಯನ್ನೇ ಓದಿದಂತಿಲ್ಲವೇ? ಹಣಕೊಟ್ಟು ತಂದ ಹುಡುಗ ಬೆಂಚಿನಲ್ಲಿ, ಬೇಡವಾದವನು ಮೈದಾನದಲ್ಲಿ.

2005ರ ಡಿಸೆಂಬರ್ 31, ಋತುವಿನ ಕೊನೆಯ ಪಂದ್ಯ. ನಾನು ಮೇಲಿನ ಸಾಲಿನಲ್ಲಿದ್ದೆ. ಕೈಜಾರಿದ ಚೆಂಡಿನ ಮೇಲೆ ಬ್ರೀಸ್ ಬಿದ್ದ, ಅವನ ಮೇಲೆ ಆ ಡೆನ್ವರ್ ಆಳು ಬಿದ್ದ. ಎದ್ದಾಗ ಬಲತೋಳು ಮೈಗೆ ಅಂಟಿಕೊಳ್ಳದೆ ಪಕ್ಕಕ್ಕೆ ಚಾಚಿಕೊಂಡೇ ಇತ್ತು, ಯಾರದೋ ತೋಳನ್ನು ತಂದು ಸಿಕ್ಕಿಸಿದಂತೆ. ಎಸೆಯುವ ಭುಜ ಹೋಯಿತೆಂದು ನಮ್ಮವರು ಬಿಟ್ಟರು, ಮಯಾಮಿಯವರು ವೈದ್ಯರನ್ನು ಕೇಳಿ ಹಿಂಜರಿದರು. ಕತ್ರೀನಾ ಚಂಡಮಾರುತದಲ್ಲಿ ಮುಳುಗೆದ್ದ ನ್ಯೂ ಆರ್ಲಿಯನ್ಸ್ ಅವನನ್ನು ಕರೆದುಕೊಂಡಿತು. ನಾಲ್ಕು ವರ್ಷಕ್ಕೆ ಸೂಪರ್ ಬೌಲ್ ಗೆದ್ದ. ಅಂದಹಾಗೆ, ಅಲ್ಲಿಗೆ ಹೋಗುವ ಮೊದಲಿನ ಪಂದ್ಯದಲ್ಲಿ ಸೋಲಿಸಿದ್ದು ನಿಮ್ಮನ್ನೇ, ಫಾರ್ವ್ ಇದ್ದ ವೈಕಿಂಗ್ಸ್ ಅನ್ನು, 31–28.

ರಿವರ್ಸ್ ಕೆಟ್ಟವನಲ್ಲ, ಅನ್ಯಾಯವಾಗಿ ಮಾತಾಡಬಾರದು. 2008ರ ಜನವರಿಯಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡೇ ನ್ಯೂ ಇಂಗ್ಲೆಂಡ್ ಎದುರು ಪೂರ್ತಿ ಪಂದ್ಯ ಆಡಿದ ಗಟ್ಟಿ ಜೀವ. ಆದರೆ ಸೂಪರ್ ಬೌಲ್ ಮುಟ್ಟಲಿಲ್ಲ. 2017ರಲ್ಲಿ ತಂಡವೇ ಲಾಸ್ ಏಂಜಲೀಸ್‌ಗೆ ಎದ್ದು ಹೋಯಿತು. ತಡವಾಗಿ ಹಣ್ಣಾಗುವ ಮರವೂ ಇದೆ ಸರ್. ಹಣ್ಣು ಬಿಟ್ಟ ವರ್ಷವೇ ಕಡಿದುಬಿಟ್ಟೆವು ಎಂದು ನನಗೆ ಇಂದಿಗೂ ಹೊಟ್ಟೆಕಿಚ್ಚು.

ರೋಚೆಸ್ಟರ್, ಮಿನ್ನೆಸೋಟ

ನನಗೆ ಈ ಆಟದ ಗಂಧಗಾಳಿ ಇಲ್ಲ. ಆದರೆ ಮಿನ್ನೆಸೋಟದಲ್ಲಿ ಆರು ತಿಂಗಳು ಜರ್ಸಿಯ ಮೇಲೆ ಜಾಕೆಟ್ ಇರುತ್ತದಲ್ಲವೇ? ನಂಬರು ಯಾರಿಗೆ ಕಾಣಬೇಕು. ಹುಡುಗನಿಗೆ ಒಳ್ಳೆಯ ಕೈಗವಸು ಕೊಡಿಸಿ.

ಸನ್ನಿವೇಲ್‌ನಿಂದ

ರೋಚೆಸ್ಟರ್ ಅಕ್ಕನ ಮಾತೇ ಸರಿ ಎನಿಸುತ್ತಿದೆ. ಆದರೂ ನಮ್ಮ ಫೋರ್ಟಿನೈನರ್ಸ್ ತಂಡದ ಪಾಠವನ್ನೂ ಸೇರಿಸುತ್ತೇನೆ. ಕ್ರೀಡಾಂಗಣ ನಮ್ಮ ಮನೆಯಿಂದ ಹತ್ತು ನಿಮಿಷ, ಪಂದ್ಯದ ದಿನ ಒಂದು ಗಂಟೆ.

2021ರಲ್ಲಿ ನಮ್ಮವರು ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ತೆತ್ತು ಟ್ರೇ ಲ್ಯಾನ್ಸ್ ಎಂಬ ಹುಡುಗನನ್ನು 3ನೆಯವನಾಗಿ ತಂದರು. ಎರಡು ವರ್ಷದಲ್ಲಿ ನಮಗಾಗಿ ಅವನು ಮೊದಲಿನಿಂದ ಇಳಿದದ್ದು ನಾಲ್ಕು ಪಂದ್ಯ, ಕಣಕಾಲು ಮುರಿಯಿತು. ಕೊನೆಗೆ ಒಂದು ನಾಲ್ಕನೆಯ ಸುತ್ತಿನ ಆಯ್ಕೆಗೆ ಡಲ್ಲಾಸ್‌ಗೆ ಹೋದ. ಚಿನ್ನ ಕೊಟ್ಟು ತಂದದ್ದನ್ನು ಗುಜರಿಗೆ ಹಾಕಿದಂತೆ. 2022ರ ಡ್ರಾಫ್ಟಿನಲ್ಲಿ 262ನೆಯವನಾಗಿ, ಎಲ್ಲರಿಗಿಂತ ಕಟ್ಟಕಡೆಗೆ ತಂದ ಬ್ರಾಕ್ ಪರ್ಡಿಯೇ ತಂಡವನ್ನು 2024ರ ಫೆಬ್ರುವರಿಯ ಸೂಪರ್ ಬೌಲ್‌ಗೆ ಒಯ್ದ. ಅವನ ವರ್ಷದ ಸಂಬಳ 10 ಲಕ್ಷ ಡಾಲರೂ ಇರಲಿಲ್ಲ. ಉಳಿದ ಹಣದಲ್ಲಿ ನಾಲ್ಕು ದಿಕ್ಕಿಗೂ ನಕ್ಷತ್ರಗಳನ್ನು ಸಾಕಿದರು. ಇನ್ನು ಅವನೂ 5 ಕೋಟಿಯ ಮಾತಾಡುವ ಕಾಲ ಬಂತು, ಆಗ ನೋಡಬೇಕು.

ನಿಮ್ಮ ಡಾರ್ನಾಲ್ಡ್ 2023ರಲ್ಲಿ ಇದೇ ಪರ್ಡಿಯ ಹಿಂದೆ ನಮ್ಮ ಬೆಂಚಿನಲ್ಲಿ ಕುಳಿತು ಕಲಿತವನು. ಹಾಗಾಗಿ ನನಗೆ ಅವನ ಮೇಲೆ ಪ್ರೀತಿ ಇದೆ. ಆದರೂ ಲೆಕ್ಕ ಹೇಳುತ್ತೇನೆ. ಮೆಕಾರ್ಥಿಯಂಥ ಹೊಸಬ ಮೊದಲ ಒಪ್ಪಂದದಲ್ಲಿ ನಾಲ್ಕು ವರ್ಷ ಅಗ್ಗ. ಅದರಲ್ಲಿ ಒಂದು ವರ್ಷ ಈಗಲೇ ಕಳೆದುಹೋಯಿತು. ಒಪ್ಪಂದ ಮುಗಿದವನನ್ನು ಇನ್ನೊಂದು ವರ್ಷ ಬಿಡದೆ ಉಳಿಸಿಕೊಳ್ಳಲು ತಂಡಕ್ಕಿರುವ ಫ್ರಾಂಚೈಸ್ ಟ್ಯಾಗ್ ಎಂಬ ಹಕ್ಕನ್ನು ಬಳಸಿ ಡಾರ್ನಾಲ್ಡ್‌ನನ್ನು ಒಂದೇ ವರ್ಷ ಹಿಡಿದುಕೊಂಡರೂ ಸುಮಾರು 4 ಕೋಟಿ. ಆ 4 ಕೋಟಿಯಲ್ಲಿ ಅವನ ಮುಂದೆ ನಿಂತು ಕಾಯುವ ಇಬ್ಬರು ಒಳ್ಳೆಯ ತಡೆಗಾರರು ಬರುತ್ತಾರೆ. ಒಂಬತ್ತು ಸಲ ಬಿದ್ದದ್ದು ಅವನೊಬ್ಬನ ತಪ್ಪೇ?

ಇಂಡಿಯಾನಾಪೊಲಿಸ್‌ನಿಂದ

ಸನ್ನಿವೇಲ್‌ನವರ ಕೊನೆಯ ಸಾಲಿಗೆ ನನ್ನ ಸಹಿ ಹಾಕಿ.

ನಾವು 2012ರಲ್ಲಿ ಪೇಟನ್ ಮ್ಯಾನಿಂಗ್‌ನನ್ನೇ ಬಿಟ್ಟವರು. ಕುತ್ತಿಗೆಯ ಶಸ್ತ್ರಚಿಕಿತ್ಸೆಯಾಗಿತ್ತು, 2.8 ಕೋಟಿ ಡಾಲರಿನ ಬೋನಸ್ ಕೊಡಬೇಕಿತ್ತು. ಕೈಗೆ ಡ್ರಾಫ್ಟಿನ ಮೊದಲ ಆಯ್ಕೆ ಸಿಕ್ಕಿತ್ತು, ಆಂಡ್ರ್ಯೂ ಲಕ್ ಕಾಯುತ್ತಿದ್ದ. ಎಲ್ಲ ಪಂಡಿತರೂ ಒಪ್ಪಿದ ತೀರ್ಮಾನ. ಮ್ಯಾನಿಂಗ್ ಡೆನ್ವರ್‌ಗೆ ಹೋಗಿ ಇನ್ನೊಂದು ಸೂಪರ್ ಬೌಲ್ ಗೆದ್ದ. ಲಕ್ ಕೂಡ ಅಪ್ರತಿಮನೇ, ಆದರೆ ಅವನನ್ನು ಕಾಯುವ ಸಾಲನ್ನು ಸರಿಯಾಗಿ ಕಟ್ಟಲಿಲ್ಲ. ಭುಜ, ಪಕ್ಕೆಲುಬು, ಮೂತ್ರಪಿಂಡ, ಕಾಲು, ಎಲ್ಲಕ್ಕೂ ಪೆಟ್ಟು. 2019ರ ಆಗಸ್ಟ್ 24ರ ರಾತ್ರಿ, ಅಭ್ಯಾಸ ಪಂದ್ಯ ನಡೆಯುತ್ತಿರುವಾಗಲೇ ನಿವೃತ್ತಿಯ ಸುದ್ದಿ ಎಲ್ಲರ ಮೊಬೈಲಿಗೂ ಬಂತು. 29 ವರ್ಷ. ಅವನು ಮೈದಾನದಿಂದ ಒಳಗೆ ನಡೆದು ಹೋಗುವಾಗ ಜನ ಕೂಗಿ ಹೀಯಾಳಿಸಿದರು. ನಾನೂ ಅಲ್ಲಿದ್ದೆ. ಕೂಗಲಿಲ್ಲ, ಆದರೆ ಕೂಗುವವರನ್ನು ತಡೆಯಲೂ ಇಲ್ಲ.

ಯಾರನ್ನಾದರೂ ಆರಿಸಿ, ಅವನ ಮುಂದೆ ನಿಲ್ಲುವ ಐವರನ್ನು ಮೊದಲು ಆರಿಸಿ.

ಮತ್ತೆ ಮಿನಿಯಾಪೊಲಿಸ್‌ನಿಂದ, ಎರಡು ವಾರದ ನಂತರ

ಎಲ್ಲವನ್ನೂ ಮಗನಿಗೆ ಓದಿ ಹೇಳಿದೆ. ಮಧ್ಯೆ ನನಗೇ ಒಂದು ವಿಷಯ ಹೊಳೆಯಿತು. ನೀವೆಲ್ಲ ಬಿಟ್ಟವರೇ ನಮ್ಮ ಮನೆಗೆ ಬರುತ್ತಾರೆ! ಗ್ರೀನ್ ಬೇ ಬಿಟ್ಟ ಫಾರ್ವ್, ವಾಷಿಂಗ್ಟನ್ ಬಿಟ್ಟ ಕರ್ಕ್ ಕಸಿನ್ಸ್, ಎಲ್ಲರೂ ಬಿಟ್ಟ ಡಾರ್ನಾಲ್ಡ್, ಈಗ ಜೋನ್ಸ್. ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕನ್ನೂ ಸೋತ ತಂಡ ನಮ್ಮದು. ಸ್ವಂತ ಹುಡುಗನನ್ನು ಬೆಳೆಸುವ ಬದಲು ಬಾಡಿಗೆದಾರರನ್ನೇ ನಂಬುವುದು ಅಭ್ಯಾಸವಾಗಿದೆ.

ಅದಕ್ಕೆ ಕಾರಣವೂ ಇದೆ. ನಾವು ಇಲ್ಲಿಗೆ ಬಂದದ್ದು 2015ರಲ್ಲಿ, ಮಗ ತೊಟ್ಟಿಲ ಕೂಸು. ಆಗ ಟೆಡ್ಡಿ ಬ್ರಿಜ್‌ವಾಟರ್ ಎಂಬ ನಮ್ಮದೇ ಡ್ರಾಫ್ಟಿನ ಹುಡುಗ ಇದ್ದ, ಎಲ್ಲರಿಗೂ ಅವನ ಮೇಲೆ ಜೀವ. 2016ರ ಆಗಸ್ಟ್ ಕೊನೆಯಲ್ಲಿ, ಅಭ್ಯಾಸದ ವೇಳೆ, ಯಾರೂ ಮೈಮೇಲೆ ಬೀಳದೆ, ಬರಿದೇ ಹಿಂದಕ್ಕೆ ಹೆಜ್ಜೆ ಇಡುವಾಗ ಅವನ ಮೊಣಕಾಲು ಕಳಚಿಕೊಂಡಿತು. ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರು. ಮೆಕಾರ್ಥಿಯ ಮೊಣಕಾಲಿನ ಸುದ್ದಿ ಕೇಳಿದಾಗ ನನ್ನ ತಲೆಗೆ ಬಂದದ್ದು ಅದೇ. ಡಾರ್ನಾಲ್ಡ್ ಬೇಕು ಎಂದು ಇಷ್ಟು ದಿನ ವಾದಿಸಿದ್ದು ಅವನ ಮೇಲಿನ ನಂಬಿಕೆಯಿಂದಲ್ಲ, ಆ ಮೊಣಕಾಲಿನ ಹೆದರಿಕೆಯಿಂದ.

ಮಗನಿಗೆ ಬ್ರಿಜ್‌ವಾಟರ್ ಗೊತ್ತಿಲ್ಲ, ಹೆದರಿಕೆಯೂ ಇಲ್ಲ. ಸ್ಯಾನ್ ಡಿಯಾಗೊದವರ ತೋಳಿನ ಕಥೆಯನ್ನು ಎರಡು ಸಲ ಓದಿಸಿಕೊಂಡ, ಆಮೇಲೆ 9 ಎಂದ. ಶನಿವಾರ ಅಂಗಡಿಗೆ ಹೋದೆವು. ಅವನ ಅಳತೆಯದು ಇತ್ತು, ಸರಿಯಾಗಿಯೂ ಕೂತಿತು. ಅವನಮ್ಮ ಅದನ್ನು ಬಿಚ್ಚಿಸಿ ಎರಡು ಅಳತೆ ದೊಡ್ಡದನ್ನು ಕೈಗೆತ್ತಿಕೊಂಡಳು. ತೋಳು ಮೊಣಕೈ ದಾಟಿ ಇಳಿಯುತ್ತದೆ, ಅಂಚು ಮೊಣಕಾಲಿಗೆ ಬರುತ್ತದೆ. "ಇರಲಿ, ಮೂರು ವರ್ಷವಾದರೂ ಬರಬೇಕಲ್ಲ" ಎಂದಳು.