ಆಂಟೆನಾ ‘ಅಳವಡಿಸಿ’ ಅನ್ನಬಹುದಾ? ಜೊತೆಗೆ ಕುಡಿ, ಲಂಬ, ಮರೆ

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳೋಣ ಅಂತ ಕೂತೆ. ಬರೆಯುತ್ತಾ ನಾಲ್ಕಾಯಿತು. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನನಗೆ ರೇಡಿಯೋದಿಂದ ಹಾರಿಸುವ ಮಾದರಿ ವಿಮಾನಗಳ ಹುಚ್ಚು. ಹೊಸದಾಗಿ ಕಲಿಯುವವರಿಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಈಗ ಸಿಕ್ಕಿಕೊಂಡಿರುವುದು ಒಂದೇ ಪಾಠದಲ್ಲಿ: ಪುಟ್ಟ ವಿಮಾನದ ಇಕ್ಕಟ್ಟಾದ ಒಡಲಿನಲ್ಲಿ ರಿಸೀವರ್ (ನಮ್ಮ ಕೈಲಿರುವ ಟ್ರಾನ್ಸ್‌ಮಿಟರ್ ಕಳಿಸುವ ಅಪ್ಪಣೆ ಹಿಡಿಯುವ ಪುಟ್ಟ ಪೆಟ್ಟಿಗೆ) ಎಲ್ಲಿಡಬೇಕು, ಅದರ ಆಂಟೆನಾ ಹೇಗಿಡಬೇಕು. ಮೂತಿಯಿಂದ ಬಾಲದವರೆಗಿನ ಮೈಗೆ ‘ಒಡಲು’ ಅಂತ ಹಾಕಿದ್ದೇನೆ. ‘ವಿಮಾನಕಾಯ’ ನೋಡಿದರೆ ಯಾಕೋ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು ಅನ್ನಿಸುತ್ತೆ.

ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: ‘ರಿಸೀವರ್ ಮತ್ತು ಆಂಟೆನಾವನ್ನು ಒಡಲಿನೊಳಗೆ ಅಚ್ಚುಕಟ್ಟಾಗಿ ಅಳವಡಿಸಿ.’ ನೋಡೋಕೆ ಒಳ್ಳೆಯ ವಾಕ್ಯವೇ. ಅದನ್ನು ಸ್ನೇಹಿತರ ಮಗನಿಗೆ ಓದಲು ಕೊಟ್ಟೆ. ಹುಡುಗ ಅಕ್ಷರ ಬಿಡದೆ ಪಾಲಿಸಿದ. ಆಂಟೆನಾದ ಎರಡೂ ತಂತಿಗಳನ್ನು ಸುರುಳಿ ಸುತ್ತಿದ, ದಾರದಿಂದ ಕಟ್ಟಿದ, ಬ್ಯಾಟರಿಗೂ ಮೋಟಾರಿನ ವೇಗ ನಿಯಂತ್ರಿಸುವ ಇ.ಎಸ್.ಸಿ.ಗೂ ನಡುವೆ ಇದ್ದ ಬೆರಳಗಲದ ಸಂದಿನಲ್ಲಿ ಕೂರಿಸಿದ. ಒಂದು ತಂತಿಯೂ ಹೊರಗೆ ಕಾಣುತ್ತಿರಲಿಲ್ಲ. ನೆಲದ ಮೇಲೆ ಎಲ್ಲ ಸರಿಯಾಗಿಯೇ ಓಡಿತು. ಮೇಲೆ ಹೋಗಿ ದೂರದಲ್ಲೊಂದು ತಿರುವು ತೆಗೆದುಕೊಂಡಾಗ ಟ್ರಾನ್ಸ್‌ಮಿಟರ್‌ನ ಕಡ್ಡಿ ಅಲುಗಿಸಿದರೂ ವಿಮಾನ ಕೇಳಲಿಲ್ಲ. ನೇರ ಹೊಲಕ್ಕೆ. ಫೋಮಿನ ವಿಮಾನ, ಹಾಗಾಗಿ ಮೂತಿ ಮಾತ್ರ ಜಜ್ಜಿತು. ‘ನೀವೇ ಅಚ್ಚುಕಟ್ಟಾಗಿ ಅಂತ ಬರೆದಿದ್ರಲ್ಲ’ ಅಂದ. ಏನಂತ ಉತ್ತರ ಕೊಡಲಿ?

ತಪ್ಪು ನನ್ನ ಕ್ರಿಯಾಪದದ್ದು. ಅಲ್ಲಿಂದ ಶುರುವಾಯಿತು ಈ ತಲೆನೋವು.

‘ಅಳವಡು’ ಅಂದರೆ ಹೊಂದಿಕೊಳ್ಳು, ತಕ್ಕದಾಗು. ಅಳವು ಅಂದರೆ ಅಳತೆ. ಇದ್ದ ಜಾಗದ ಅಳತೆಗೆ ಒಗ್ಗುವ ಹಾಗೆ ಮಾಡುವುದೇ ಅಳವಡಿಸುವುದು. ಹುಡುಗ ಮಾಡಿದ್ದೂ ಅದನ್ನೇ ಅಲ್ವಾ? ಪದದ ಅರ್ಥಕ್ಕೆ ಅವನು ನನಗಿಂತ ಜಾಸ್ತಿ ನಿಷ್ಠನಾಗಿದ್ದ.

ಆದರೆ ಆಂಟೆನಾ ಜಾಗಕ್ಕೆ ಒಗ್ಗುವ ವಸ್ತು ಅಲ್ಲ. ಜಾಗವೇ ಅದಕ್ಕೆ ಒಗ್ಗಬೇಕು. ಯಾಕೆ ಅಂತ ಸ್ವಲ್ಪ ವಿವರಿಸುತ್ತೇನೆ, ಇಲ್ಲದಿದ್ದರೆ ಪದ ಹುಡುಕುವುದು ಕಷ್ಟ.

ಈಗಿನ ರಿಸೀವರ್‌ಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಆ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 31 ಮಿಲಿಮೀಟರ್, ಆಂಟೆನಾದ ಉದ್ದ. ರಿಸೀವರ್‌ನಿಂದ ಒಂದು ಗೇಣು ತಂತಿ ಹೊರಗೆ ಬಂದಿರುತ್ತೆ, ನಿಜ. ಆದರೆ ಅದರ ಬಹುಪಾಲು ಬರೀ ದಾರಿ. ಒಳಗಿನ ಎಳೆಯ ಸುತ್ತ ಲೋಹದ ಜಾಲರಿ ಹೊದಿಸಿರುತ್ತಾರೆ, ಅಲ್ಲಿ ಅಲೆ ಒಳಗೆ ಬರುವುದಿಲ್ಲ. ಕೊನೆಯ ಮೂರು ಸೆಂಟಿಮೀಟರ್‌ನಲ್ಲಿ ಮಾತ್ರ ಜಾಲರಿ ತೆಗೆದಿರುತ್ತೆ. ಅಲೆಯನ್ನು ಹಿಡಿಯುವುದು ಆ ತುದಿಯೇ. ಅದು ನೆಟ್ಟಗಿರಬೇಕು. ಬ್ಯಾಟರಿ, ಮೋಟಾರು, ಇಂಗಾಲದ ನಾರಿನ (ಕಾರ್ಬನ್ ಫೈಬರ್) ಕಡ್ಡಿ, ಸರ್ವೋಗಳ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟಾರುಗಳ) ತಂತಿಯ ಕಟ್ಟು ಇವುಗಳಿಂದ ಆದಷ್ಟು ದೂರ ಇರಬೇಕು. ಮಡಚಿದರೆ, ಸುತ್ತಿದರೆ, ಕತ್ತರಿಸಿದರೆ ಕಿವಿ ಮುಚ್ಚಿದ ಹಾಗೆ.

ಹಳೆಯ 72 ಮೆಗಾಹರ್ಟ್ಸ್ ಕಾಲದಲ್ಲಿ ಈ ಗೊಂದಲ ಇರಲಿಲ್ಲ. ಆ ಅಲೆ ನಾಲ್ಕು ಮೀಟರ್‌ಗೂ ಉದ್ದ, ಹಾಗಾಗಿ ಆಂಟೆನಾ ತಂತಿಯೇ ಸುಮಾರು ಒಂದು ಮೀಟರ್. ಒಳಗೆ ಬಚ್ಚಿಡೋಣ ಅಂದರೂ ಆಗುತ್ತಿರಲಿಲ್ಲ. ಒಡಲಿನಿಂದ ಹೊರಗೆ ತಂದು ಬಾಲದ ತುದಿಗೆ ಎಳೆದು ಕಟ್ಟುತ್ತಿದ್ದರು. ಬಟ್ಟೆ ಒಣಹಾಕುವ ಹಗ್ಗದ ಹಾಗೆ. ‘ಎಳೆದು ಕಟ್ಟಿ’ ಅಂತ ಎರಡು ಪದ ಬರೆದರೆ ಮುಗಿಯಿತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ತಂತಿ ಚಿಕ್ಕದಾಯಿತು, ವಾಕ್ಯ ಉದ್ದವಾಯಿತು.

ಈಗ ಹೊಸ ಕರಡಿನಲ್ಲಿ ‘ಅಳವಡಿಸು’ ಪೂರ್ತಿ ತೆಗೆದುಹಾಕಿದ್ದೇನೆ. ಒಂದೊಂದು ವಸ್ತುವಿಗೆ ಒಂದೊಂದು ಕ್ರಿಯಾಪದ. ಸರ್ವೋವನ್ನು ‘ಬಿಗಿಯುವುದು’. ತಂತಿಯನ್ನು ಸಂದಿನಲ್ಲಿ ‘ಹಾಯಿಸುವುದು’. ರಿಸೀವರ್ ‘ಕೂರಿಸುವುದು’. ಈ ‘ಕೂರಿಸು’ ನನಗೆ ತುಂಬ ಇಷ್ಟ. ಐದಾರು ಗ್ರಾಮಿನ ಆ ಪೆಟ್ಟಿಗೆ ನಿಜವಾಗಿ ಕೂರಬೇಕು, ಎರಡು ಕಡೆ ಅಂಟುವ ಟೇಪಿನ ಮೇಲೆ ಆರಾಮಾಗಿ. ಎಂಜಿನ್ ಇರುವ ವಿಮಾನವಾದರೆ ನಡುಕ ತಾಗದಂತೆ ಮೆತ್ತನೆ ಫೋಮ್ ಸುತ್ತಿ ಕೂರಿಸಬೇಕು. ‘ತುರುಕು’ ಅನ್ನುವುದನ್ನು ಬೈಯುವುದಕ್ಕೆ ಇಟ್ಟುಕೊಂಡಿದ್ದೇನೆ: ‘ಜಾಗ ಇಲ್ಲ ಅಂತ ತುರುಕಬೇಡಿ.’

ಆಂಟೆನಾಗೆ ಏನು? ಇದೇ ನನ್ನ ಮೊದಲ ಪ್ರಶ್ನೆ.

‘ಚಾಚು’ ಅಂತ ಹಾಕಿ ನೋಡಿದೆ. ಕೈ ಚಾಚು, ಕಾಲು ಚಾಚು, ನಾಲಿಗೆ ಚಾಚು. ಎಲ್ಲ ಕಡೆ ಚಾಚುವವನದ್ದೇ ಅಂಗ. ‘ಆಂಟೆನಾ ಚಾಚಿ’ ಅಂತ ಓದುಗನಿಗೆ ಹೇಳಿದರೆ ಅವನಿಗೇ ಆಂಟೆನಾ ಇದ್ದ ಹಾಗಾಗುತ್ತೆ. ‘ಹರಡು’ ಅಂದರೆ ನೆಲದ ಮೇಲೆ ಚೆಲ್ಲಿದ ಹಾಗೆ. ‘ಬಿಡಿಸು’ ಅಂದರೆ ಗಂಟು ಬಿಡಿಸಿದ ಹಾಗೆ. ಸದ್ಯಕ್ಕೆ ‘ಚಾಚಿಕೊಂಡಿರಲಿ’ ಅಂತ ಆಂಟೆನಾವನ್ನೇ ಕರ್ತೃ ಮಾಡಿ ತಪ್ಪಿಸಿಕೊಂಡಿದ್ದೇನೆ. ‘ಆಂಟೆನಾದ ತುದಿ ನೆಟ್ಟಗೆ ಚಾಚಿಕೊಂಡಿರಲಿ.’ ಕಿವಿಗೆ ಹಿತವಾಗಿದೆ. ಆದರೆ ಕೈಪಿಡಿಯ ಬೇರೆ ವಾಕ್ಯಗಳೆಲ್ಲ ‘ಮಾಡಿ, ಇಡಿ, ಬಿಗಿಯಿರಿ’ ಅಂತ ಇರುವಾಗ ಇದೊಂದು ಹರಸಿದ ಹಾಗೆ ಕೇಳಿಸುತ್ತಾ?

ಎರಡನೆಯದು, ಆ 31 ಮಿಲಿಮೀಟರಿನ ಹೆಸರು. ತಂತಿಯೆಲ್ಲ ಆಂಟೆನಾ ಅಂದುಕೊಳ್ಳುವುದರಿಂದಲೇ ಅರ್ಧ ಅವಾಂತರ. ತುದಿಗೆ ಬೇರೆ ಹೆಸರು ಬೇಕು. ನನಗೆ ಹೊಳೆದದ್ದು ‘ಕುಡಿ’. ಬಳ್ಳಿಯ ಕುಡಿ, ದೀಪದ ಕುಡಿ, ವಂಶದ ಕುಡಿ. ತುದಿಯೂ ಹೌದು, ಜೀವ ಇರುವ ಕಡೆಯೂ ಹೌದು. ‘ಕುಡಿ ಚಿವುಟಬೇಡಿ’ ಅಂದರೆ ಗಿಡ ಬೆಳೆಸಿದ ಯಾರಿಗಾದರೂ ತಟ್ಟನೆ ಅರ್ಥವಾಗುತ್ತೆ. ಉದ್ದ ಜಾಸ್ತಿಯಾಯಿತು ಅಂತ ತುದಿ ಕತ್ತರಿಸುವವರು ನಿಜವಾಗಿಯೂ ಇದ್ದಾರೆ, ಅದಕ್ಕೇ ಹೇಳುತ್ತಿರುವುದು.

ಇನ್ನೂ ಒಂದು ಕಾರಣ ಇದೆ. ಕೀಟಗಳ ಆಂಟೆನಾಗೆ ನಮ್ಮಲ್ಲಿ ‘ಕುಡಿಮೀಸೆ’ ಅನ್ನುವ ಚೆಂದದ ಪದ ಆಗಲೇ ಇದೆ. ಲ್ಯಾಟಿನ್‌ನಲ್ಲಿ ‘ಆಂಟೆನಾ’ ಪದಕ್ಕೆ ಮೊದಲಿದ್ದ ಅರ್ಥ ಹಾಯಿ ಕಟ್ಟುವ ಅಡ್ಡ ಮರ. ಅದು ಆಮೇಲೆ ಕೀಟದ ತಲೆಗೆ ಹತ್ತಿತು. ರೇಡಿಯೋಗೆ ಬಂದದ್ದು ಇಟಲಿಯ ಭಾಷೆಯಿಂದ ಅನ್ನುತ್ತಾರೆ. 1895ರ ಪ್ರಯೋಗಗಳಲ್ಲಿ ಮಾರ್ಕೋನಿ ತಂತಿಯನ್ನು ಡೇರೆಯ ಕಂಬದ ಉದ್ದಕ್ಕೂ ನಿಲ್ಲಿಸಿದ್ದರಂತೆ, ಆ ಕಂಬಕ್ಕೆ ಇಟಲಿಯ ಭಾಷೆಯಲ್ಲಿ ಅದೇ ಹೆಸರು. ಅವರು ಕಂಬ ನೋಡಿದರು, ನಾವು ಮೀಸೆ ನೋಡಿದೆವು. ಪುಟ್ಟ ವಿಮಾನದ ಮಟ್ಟಿಗೆ ಮೀಸೆಯೇ ಹತ್ತಿರ. ಎರಡು ತಂತಿ, ಎರಡು ಕಡೆಗೆ, ತುದಿ ಗಾಳಿಯಲ್ಲಿ. ಜಿರಳೆಯ ತಲೆ ನೆನಪಿಸಿಕೊಳ್ಳಿ.

ತೊಂದರೆ ಏನೆಂದರೆ ‘ಕುಡಿ’ ಕ್ರಿಯಾಪದವೂ ಹೌದು. ‘ಆಂಟೆನಾ ಕುಡಿ’ ಅಂತ ಶೀರ್ಷಿಕೆ ಕೊಟ್ಟೆ. ನನ್ನ ಮಗಳು ಓದಿ, ‘ಎಷ್ಟು ಲೋಟ?’ ಅಂದಳು. ‘ಆಂಟೆನಾದ ಕುಡಿ’ ಅಂದರೆ ಸರಿಹೋಗುತ್ತೆ. ಹಾಗಂತ ಚಿತ್ರದ ಪಕ್ಕದ ಪುಟ್ಟ ಅಕ್ಷರಗಳಲ್ಲಿ ‘ದ’ ಸೇರಿಸುತ್ತಾ ಹೋಗುವುದು ಕಷ್ಟ. ‘ಕುಡಿತಂತಿ’ ಅಂದರೆ ಹೇಗೆ? ‘ಕುಡಿನೋಟ’ದ ಜಾಡಿನಲ್ಲಿ ಹೋದ ಹಾಗಾಗುತ್ತೆ.

ಮೂರನೆಯದು ‘ಲಂಬ’. ಇದರಲ್ಲಿ ನಿಮ್ಮೆಲ್ಲರ ಜಗಳ ಬೇಕು.

ಎರಡು ಆಂಟೆನಾ ಇರುವ ರಿಸೀವರ್‌ನಲ್ಲಿ ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿ ಇಡಬೇಕು. ಕಾರಣ ಇಷ್ಟೇ. ಒಂದು ಕುಡಿ ತನ್ನ ಅಕ್ಕಪಕ್ಕದಿಂದ ಬರುವ ಅಲೆಯನ್ನು ಚೆನ್ನಾಗಿ ಹಿಡಿಯುತ್ತೆ, ತನ್ನ ತುದಿಯ ನೇರದಿಂದ ಬರುವುದನ್ನು ಹಿಡಿಯುವುದೇ ಇಲ್ಲ ಅನ್ನಬಹುದು. ಅದು ಕೇಳಿಸಿಕೊಳ್ಳುವ ಜಾಗದ ಚಿತ್ರ ಬರೆದರೆ ಸಿಂಬೆಯ ಆಕಾರ. ಕುಡಿ ಸಿಂಬೆಯ ತೂತಿನಲ್ಲಿ ನಿಂತಿರುತ್ತೆ. ವಿಮಾನ ಹೊರಳಿದಾಗ ಆ ತೂತು ನಮ್ಮ ಕಡೆಗೆ ತಿರುಗಿದರೆ ಒಂದು ಕುಡಿ ಕಿವುಡಾಗುತ್ತೆ, ಆಗ ಇನ್ನೊಂದು ಕೈಹಿಡಿಯಬೇಕು. ಎರಡೂ ಒಂದೇ ದಿಕ್ಕಿಗೆ ಇದ್ದರೆ ಎರಡೂ ಒಟ್ಟಿಗೇ ಕಿವುಡು.

ನಾನು ಬರೆದದ್ದು: ‘ಎರಡೂ ಆಂಟೆನಾಗಳನ್ನು ಪರಸ್ಪರ ಲಂಬವಾಗಿ ಇಡಿ.’ ರೇಖಾಗಣಿತದ ಲೆಕ್ಕದಲ್ಲಿ ಸರಿ. ಓದಿದ ಮೂವರಲ್ಲಿ ಇಬ್ಬರು ಎರಡನ್ನೂ ನೆಟ್ಟಗೆ ನಿಲ್ಲಿಸಿದರು! ಅವರಿಗೆ ಲಂಬ ಅಂದರೆ ಮೇಲಕ್ಕೆ, ಕಂಬದ ಹಾಗೆ. ‘ಲಂಬ’ ಒಂದೇ ಪದ ಎರಡು ಕೆಲಸ ಮಾಡುತ್ತಿದೆ: ನೆಲಕ್ಕೆ ನೇರ ನಿಂತದ್ದೂ ಲಂಬ, ಇನ್ನೊಂದು ಗೆರೆಗೆ 90 ಡಿಗ್ರಿ ಇರುವುದೂ ಲಂಬ. ‘ಪರಸ್ಪರ’ ಅನ್ನುವುದನ್ನು ಯಾರೂ ಗಮನಿಸುವುದಿಲ್ಲ. ಸುಮ್ನೆ ಶೋಭೆಗೆ ಅಂದುಕೊಳ್ಳುತ್ತಾರೆ.

‘ಲಂಬಕೋನ’ ಅಂದರೆ ಸ್ವಲ್ಪ ವಾಸಿ, ಆದರೂ ಶಾಲೆಯ ವಾಸನೆ. ಮೂಲೆ ಸರಿಯಾಗಿದೆಯಾ ಅಂತ ನೋಡುವ L ಆಕಾರದ ಪಟ್ಟಿಗೆ ಬಡಗಿಗಳು ‘ಮೂಲೆಮಟ್ಟ’ ಅನ್ನುತ್ತಾರಲ್ಲ, ಅದನ್ನು ತರೋಣ ಅನ್ನಿಸಿದೆ. ‘ಎರಡು ಕುಡಿಗಳೂ ಮೂಲೆಮಟ್ಟದ ಎರಡು ಕೈಗಳ ಹಾಗೆ ಇರಲಿ.’ ಕಣ್ಣಿಗೆ ಕಟ್ಟುತ್ತೆ. ಆದರೆ ಮೂಲೆಮಟ್ಟ ನೋಡಿದವರು ಈಗ ಎಷ್ಟು ಜನ? ‘ಒಂದು ಉದ್ದುದ್ದ, ಒಂದು ಅಡ್ಡಡ್ಡ’ ಅಂದರೆ ಎಲ್ಲರಿಗೂ ಗೊತ್ತಾಗುತ್ತೆ. ಒಂದನ್ನು ಒಡಲಿನ ಉದ್ದಕ್ಕೆ, ಇನ್ನೊಂದನ್ನು ರೆಕ್ಕೆಯ ಕಡೆಗೆ. ಈಗ ನನ್ನ ಮನಸ್ಸು ಇದರ ಕಡೆಗೇ ಇದೆ. ಆದರೆ ಒಂದನ್ನು ಮೇಲಕ್ಕೆ ನಿಲ್ಲಿಸಬೇಕಾದ ವಿಮಾನಗಳೂ ಇವೆ, ಅಲ್ಲಿ ಈ ಜೋಡಿ ಕೈಕೊಡುತ್ತೆ.

ನಾಲ್ಕನೆಯದು ಚಿಕ್ಕದು. ಬ್ಯಾಟರಿಯೋ ಇಂಗಾಲದ ನಾರೋ ಅಲೆಯನ್ನು ತಡೆದಾಗ ಕುಡಿ ಅದರ ‘ಮರೆ’ಗೆ ಬಿತ್ತು ಅನ್ನಲಾ, ‘ನೆರಳಿ’ಗೆ ಬಿತ್ತು ಅನ್ನಲಾ? ನನಗೆ ಮರೆ ಇಷ್ಟ. ಬಾಲ್ಸಾ ಮರ, ಫೋಮ್ ಇವು ಕಣ್ಣಿಗೆ ಮರೆ, ರೇಡಿಯೋಗೆ ಮರೆ ಅಲ್ಲ. ಇಂಗಾಲದ ನಾರು ಎರಡಕ್ಕೂ ಮರೆ. ಹೀಗೆ ಬರೆದರೆ ಪೂರ್ತಿ ಇಂಗಾಲದ ನಾರಿನ ಒಡಲಿದ್ದಾಗ ಕುಡಿಯನ್ನು ಹೊರಗೇ ತರಬೇಕು ಅನ್ನುವುದು ತಾನಾಗಿಯೇ ಹೊರಡುತ್ತೆ. ‘ನೆರಳು’ ಅಂದರೆ ಬಿಸಿಲಿನ ನೆನಪು, ಸ್ವಲ್ಪ ಹಿತ ಬೇರೆ. ಇಲ್ಲಿ ಹಿತ ಏನೂ ಇಲ್ಲ.

ರಿಸೀವರ್‌ಗೆ ಯಾಕೆ ‘ಗ್ರಾಹಕ’ ಅನ್ನಬಾರದು ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬಳಸಿ ನೋಡಿದೆ. ‘ಗ್ರಾಹಕನನ್ನು ಬ್ಯಾಟರಿಯಿಂದ ದೂರವಿಡಿ’ ಅನ್ನುವ ವಾಕ್ಯ ಹುಟ್ಟಿತು. ‘ಗ್ರಾಹಕವನ್ನು’ ಅಂತ ತಿದ್ದಿದರೂ ಅಂಗಡಿಯ ನೆನಪು ಹೋಗಲಿಲ್ಲ. ‘ಬಾನುಲಿ’ಯೂ ಆಗದು, ಇಲ್ಲಿ ಉಲಿಯೇ ಇಲ್ಲ, ಬರೀ ಅಪ್ಪಣೆ. ರಿಸೀವರ್, ಆಂಟೆನಾ ಹಾಗೇ ಇರಲಿ, ಹಾರಿಸುವವರೆಲ್ಲ ಅನ್ನುವುದು ಅದನ್ನೇ.

ಇದೇ ಸಾಲಿನ ಇನ್ನೊಂದು ತಮಾಷೆ. ದೊಡ್ಡ ವಿಮಾನಗಳಲ್ಲಿ ಮುಖ್ಯ ರಿಸೀವರ್‌ಗೆ ತಂತಿಯಿಂದ ಜೋಡಿಸಿದ ಪುಟ್ಟ ರಿಸೀವರ್ ಇನ್ನೊಂದು ಕಡೆ ಇಡುತ್ತಾರೆ. ಒಂದು ಮರೆಗೆ ಬಿದ್ದರೆ ಇನ್ನೊಂದು ಕೇಳಲಿ ಅಂತ. ಅದಕ್ಕೆ ‘ಸ್ಯಾಟಲೈಟ್ ರಿಸೀವರ್’ ಅಂತ ಹೆಸರು. ಅದನ್ನು ‘ಉಪಗ್ರಹ ರಿಸೀವರ್’ ಅಂತ ಬರೆದೆ. ಓದಿದವರೊಬ್ಬರು, ‘ಇಷ್ಟು ಚಿಕ್ಕ ವಿಮಾನಕ್ಕೆ ಉಪಗ್ರಹದಿಂದ ಸಿಗ್ನಲ್ಲಾ?’ ಅಂತ ಬೆರಗಾದರು. ಈಗ ‘ಮರಿ ರಿಸೀವರ್’ ಮಾಡಿದ್ದೇನೆ. ಇದರ ಬಗ್ಗೆ ಸಲಹೆ ಬೇಡ, ಬದಲಾಯಿಸುವುದಿಲ್ಲ.

ವಿಭಕ್ತಿಯದ್ದೂ ಒಂದು ಕಿರಿಕಿರಿ. ‘ಆಂಟೆನಾಗೆ’ ಅಂತ ಬರೆಯುತ್ತಿದ್ದೇನೆ, ‘ಆಂಟೆನಾಕ್ಕೆ’ ಅನ್ನುವವರೂ ಇದ್ದಾರೆ. ಷಷ್ಠಿಯಲ್ಲಿ ‘ಆಂಟೆನಾದ’ ಅಂದ ಮೇಲೆ ಚತುರ್ಥಿಯಲ್ಲಿ ‘ಕ್ಕೆ’ ಬರಬೇಕು ಅನ್ನುವುದು ಅವರ ವಾದ, ಮರದ ಮರಕ್ಕೆ ಅಂದ ಹಾಗೆ. ವಾದ ಸರಿಯಾಗಿದೆ, ನಾಲಿಗೆ ಒಪ್ಪುತ್ತಿಲ್ಲ.

ಸದ್ಯ ಪಾಠದ ಮುಖ್ಯ ಸಾಲುಗಳು ಹೀಗಿವೆ, ಕೆಂಪು ಶಾಯಿ ಹಚ್ಚಿ:

‘ರಿಸೀವರ್ ಅನ್ನು ಒಡಲಿನಲ್ಲಿ ಮೆತ್ತಗೆ ಕೂರಿಸಿ. ತಂತಿಗಳನ್ನು ಒಡಲಿನ ಬದಿಗೆ ಹಾಯಿಸಿ. ಆಂಟೆನಾದ ಕುಡಿಗಳು ಬ್ಯಾಟರಿಯ ಮರೆಗೆ ಬೀಳದೆ, ಒಂದು ಉದ್ದುದ್ದ, ಒಂದು ಅಡ್ಡಡ್ಡ, ನೆಟ್ಟಗೆ ಚಾಚಿಕೊಂಡಿರಲಿ. ಬೇಕಿದ್ದರೆ ತೆಳು ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ ಅಂಟಿಸಿ. ಕುಡಿ ಮಡಚಬೇಡಿ, ಚಿವುಟಬೇಡಿ. ಹಾರಿಸುವ ಮೊದಲು ಟ್ರಾನ್ಸ್‌ಮಿಟರ್ ಅನ್ನು ದೂರ ಪರೀಕ್ಷೆಯ (ಶಕ್ತಿ ತಗ್ಗಿಸಿದ) ಸ್ಥಿತಿಗೆ ಹಾಕಿ, ಸುಮಾರು 30 ಹೆಜ್ಜೆ ಹಿಂದೆ ಹೋಗಿ, ಇನ್ನೊಬ್ಬರ ಕೈಲಿ ವಿಮಾನವನ್ನು ಎಲ್ಲ ಕಡೆಗೂ ಹೊರಳಿಸಿ ನೋಡಿ.’

ಆ ಹುಡುಗನಿಗೂ ಇದನ್ನು ಕಳಿಸಿದ್ದೆ. ಅವನು ಒಂದೇ ಸಾಲು ಉತ್ತರ ಬರೆದಿದ್ದಾನೆ: ‘ಒಡಲಿನ ಬದಿ ಅಂದ್ರೆ ಒಳಗಡೆಯಾ, ಹೊರಗಡೆಯಾ?’

ಹಾಗಾಗಿ ಐದನೇ ಪ್ರಶ್ನೆಯೂ ಸೇರಿಸಿಕೊಳ್ಳಿ.