ಪ್ಯಾನೆಲ್ ಐಕಾನ್ ದೊಡ್ಡದಾಗಿದ್ರೆ ಚೆನ್ನಾಗಿದೆ, 16 ಪಿಕ್ಸೆಲ್‌ಗೆ ಇಳಿಸಿದ್ರೆ ಕಲಸಿಹೋಗತ್ತೆ, ಯಾಕೆ?

ಪ್ರಶ್ನೆ:
ನಮಸ್ಕಾರ ಎಲ್ರಿಗೂ. ಲಿನಕ್ಸ್ ಡೆಸ್ಕ್‌ಟಾಪ್‌ಗೆ ನಂದೇ ಒಂದು ಐಕಾನ್ ಸೆಟ್ ಮಾಡ್ತಿದೀನಿ, ಮೊದ್ಲು ಪ್ಯಾನೆಲ್‌ದು (ಪರದೆ ಅಂಚಲ್ಲಿರೋ ಪಟ್ಟಿ) ಮುಗಿಸೋಣ ಅಂತ ನೆಟ್‌ವರ್ಕ್, ಸೌಂಡು, ಬ್ಯಾಟರಿ, ಮೈಕು, ಗಂಟೆ ಇಷ್ಟನ್ನ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ 512 ಪಿಕ್ಸೆಲ್ ಕ್ಯಾನ್ವಾಸ್ ಮೇಲೆ ಬಿಡಿಸಿದೆ. ಅಲ್ಲಿ ನೋಡೋಕೆ ತುಂಬಾ ಚೆನ್ನಾಗಿದೆ ಆದ್ರೆ ಪ್ಯಾನೆಲ್‌ಗೆ ಹೋಗಿ 16 ಆದ ತಕ್ಷಣ ಗೆರೆಗಳೆಲ್ಲ ಬೂದು ಬೂದಾಗಿ ಮೈಕ್ ಯಾವ್ದು ಗಂಟೆ ಯಾವ್ದು ಗೊತ್ತೇ ಆಗಲ್ಲ. ಎಸ್‌ವಿಜಿ (ಪಿಕ್ಸೆಲ್ ಬದ್ಲು ಆಕಾರಗಳನ್ನ ಬರೆದಿಡೋ ಚಿತ್ರದ ಫೈಲು) ಅಂದ್ಮೇಲೆ ಯಾವ ಸೈಜಲ್ಲೂ ಶಾರ್ಪ್ ಇರ್ಬೇಕಲ್ವಾ? ಜೊತೆಗೆ ಡಾರ್ಕ್ ಥೀಮ್ ಹಾಕಿದ್ರೆ ಕೆಲವು ಗೆರೆ ಮಾಯವೇ ಆಗ್ತಿವೆ.

ಉತ್ತರ 1:
ಎಸ್‌ವಿಜಿ ಹಿಗ್ಗತ್ತೆ ಕುಗ್ಗತ್ತೆ ನಿಜ, ಆದ್ರೆ ಕೊನೆಗೆ ಪರದೆ ಮೇಲೆ ಬೀಳೋದು ಪಿಕ್ಸೆಲ್ ಅನ್ನೋ ಚೌಕಗಳೇ ತಾನೆ. 512ನ್ನ 16 ಮಾಡಿದ್ರೆ 32 ಪಟ್ಟು ಕುಗ್ಗಿಸಿದ ಹಾಗಾಯ್ತು, ನೀವು 20 ಪಿಕ್ಸೆಲ್ ದಪ್ಪ ಗೆರೆ ಎಳೆದಿದ್ರೆ ಅದು ಅಲ್ಲಿ ಒಂದು ಪಿಕ್ಸೆಲ್ಲೂ ಇರಲ್ಲ, ಅದೂ ಎರಡು ಚೌಕದ ಮಧ್ಯೆ ಬಿದ್ರೆ ಎರಡಕ್ಕೂ ಅರ್ಧರ್ಧ ಬಣ್ಣ ಹೋಗಿ ಬೂದಾಗತ್ತೆ. 16x16 ಕ್ಯಾನ್ವಾಸಲ್ಲೇ ಶುರು ಮಾಡಿ, ಗ್ರಿಡ್ ಆನ್ ಮಾಡ್ಕೊಂಡು ಅಂಚುಗಳನ್ನ ಗ್ರಿಡ್ ಗೆರೆಗೇ ಸ್ನ್ಯಾಪ್ ಮಾಡಿ, ಅಂದ್ರೆ ಅಂಟಿಸಿ. 2 ಪಿಕ್ಸೆಲ್ ಸ್ಟ್ರೋಕ್ (ಎಳೆದ ಗೆರೆ) ಆದ್ರೆ ಅದರ ನಡುಗೆರೆ ಪೂರ್ಣಾಂಕದ ಮೇಲಿರ್ಲಿ, 1 ಪಿಕ್ಸೆಲ್ ಆದ್ರೆ 0.5ರ ಮೇಲೆ. ಇಷ್ಟು ಮಾಡಿದ್ರೇ ಮುಕ್ಕಾಲು ಮಸುಕು ಹೋಗತ್ತೆ.

1984ರ ಮ್ಯಾಕಿಂಟಾಷ್‌ಗೆ ಸೂಸನ್ ಕೇರ್ ಐಕಾನ್ ಮಾಡಿದ್ದು ಗ್ರಾಫ್ ಹಾಳೆ ಮೇಲೆ, ಒಂದು ಚೌಕ ಅಂದ್ರೆ ಒಂದು ಪಿಕ್ಸೆಲ್ ಅಂತ ತುಂಬ್ತಾ. ನಾನು ಈಗ್ಲೂ ಮೊದ್ಲು ಹಾಗೇ ಚೌಕದ ಹಾಳೇಲಿ ಪೆನ್ಸಿಲಲ್ಲಿ ತುಂಬಿ ನೋಡ್ತೀನಿ, ಯಾವುದು ಬೇಡ ಅನ್ನೋದು ಅಲ್ಲೇ ಗೊತ್ತಾಗತ್ತೆ.

ಉತ್ತರ 2:
ಡಾರ್ಕ್ ಥೀಮ್ ವಿಷ್ಯಕ್ಕೆ ಬರ್ತೀನಿ. ಗ್ನೋಮ್ ಡೆಸ್ಕ್‌ಟಾಪ್ ಕಡೆ ಫೈಲ್ ಹೆಸ್ರು ‘-ಸಿಂಬಾಲಿಕ್’ (-symbolic) ಅಂತ ಮುಗಿದ್ರೆ ಮಾತ್ರ ಜಿಟಿಕೆ (ಕಿಟಕಿ, ಬಟನ್ ಎಲ್ಲ ಬಿಡಿಸೋ ಲೈಬ್ರರಿ) ಅದಕ್ಕೆ ಅಕ್ಷರದ ಬಣ್ಣಾನೇ ಬಳಿಯತ್ತೆ, ನೀವು ಕೊಟ್ಟ ಬಣ್ಣ ಲೆಕ್ಕಕ್ಕಿಲ್ಲ. ಆದ್ರೆ ಜಿಟಿಕೆ 3 ಬಳಿಯೋದು ಫಿಲ್‌ಗೆ (ಆಕಾರದ ಒಳಗೆ ತುಂಬೋ ಬಣ್ಣಕ್ಕೆ), ಸ್ಟ್ರೋಕ್ ಕಪ್ಪಾಗೇ ಉಳಿಯತ್ತೆ, ನಿಮ್ಮ ಗೆರೆ ಮಾಯ ಆಗ್ತಿರೋದು ಬಹುಶಃ ಅದಕ್ಕೇ. ಸೇವ್ ಮಾಡೋಕೆ ಮುಂಚೆ ‘ಸ್ಟ್ರೋಕ್ ಟು ಪಾತ್’ ಕೊಡಿ, ಗೆರೆ ಫಿಲ್ ಇರೋ ಆಕಾರ ಆಗತ್ತೆ, ಮೂಲ ಫೈಲ್ ಮಾತ್ರ ಬೇರೆ ಇಟ್ಕೊಳ್ಳಿ ಆಮೇಲೆ ತಿದ್ದೋಕೆ ಬೇಕಾಗತ್ತೆ. ಗ್ರೇಡಿಯೆಂಟ್ ಇದ್ರೆ ತೆಗೆದುಬಿಡಿ.

ಉತ್ತರ 3:
16ರಲ್ಲಿ ಬಿಡಿಸಿ ಅನ್ನೋದು ಸರಿ, ಆದ್ರೆ ಅದೊಂದೇ ಸಾಲಲ್ಲ. ಕೆಡಿಇ ಡೆಸ್ಕ್‌ಟಾಪಿನ ಬ್ರೀಝ್ ಐಕಾನ್ ಸೆಟ್ಟಲ್ಲಿ 16ಕ್ಕೆ 22ಕ್ಕೆ ಬೇರೆ ಬೇರೆ ಫೈಲ್ ಇವೆ. 16ನ್ನ 22 ಮಾಡಿದ್ರೆ 1.375 ಪಟ್ಟು, ಮತ್ತೆ ಎಲ್ಲ ಗೆರೆ ಚೌಕ ತಪ್ಪತ್ತೆ, ಹಾಗಾಗಿ 22 ಬೇಕಿದ್ರೆ 22ನ್ನೇ ಬಿಡಿಸ್ಬೇಕು, ಬೇರೆ ದಾರಿ ಇಲ್ಲ. 32 ಆದ್ರೆ ಸರಿಯಾಗಿ ಎರಡು ಪಟ್ಟು, ತೊಂದ್ರೆ ಇಲ್ಲ.

ಇನ್ನು ಮೈಕು, ಗಂಟೆ. ಎರಡನ್ನೂ ಪೂರ್ತಿ ಕಪ್ಪು ತುಂಬಿ ಬರೀ ಹೊರ ಆಕಾರ ನೋಡಿ, ಒಂದೇ ಥರ ಕಂಡ್ರೆ ಒಳಗೆ ಎಷ್ಟು ಗೆರೆ ಹಾಕಿದ್ರೂ ಉಪಯೋಗ ಇಲ್ಲ. ಗಂಟೆಗೆ ಕೆಳಗೆ ಅಗಲ ಕೊಡಿ, ಮೈಕ್‌ನ ಸಣ್ಣ ಮಾಡಿ ಕಾಲು ಉದ್ದ ಬಿಡಿ. ಮ್ಯೂಟ್ ಅನ್ನೋದನ್ನ ಬರೀ ಕೆಂಪು ಬಣ್ಣದಲ್ಲಿ ಹೇಳ್ಬೇಡಿ ದಯವಿಟ್ಟು, ಕೆಂಪು ಹಸಿರು ವ್ಯತ್ಯಾಸ ಕಾಣದವ್ರು ಸುಮಾರು ಜನ ಇದಾರೆ, ಅಡ್ಡಗೆರೆ ಹಾಕಿ, ಗೆರೆ ಪಕ್ಕ ಒಂದು ಪಿಕ್ಸೆಲ್ ಖಾಲಿ ಬಿಟ್ರೆ ಅದು ಮೈಕ್ ಜೊತೆ ಅಂಟ್ಕೊಳ್ಳಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಐದೂ 16ರಲ್ಲಿ ಹೊಸದಾಗಿ ಬಿಡಿಸಿದೆ, ಸ್ಟ್ರೋಕ್ ಟು ಪಾತ್ ಕೊಟ್ಮೇಲೆ ಡಾರ್ಕಲ್ಲೂ ಸರಿ ಬಂತು. ಬ್ಯಾಟರಿ ಒಳಗೆ 10 ಪಿಕ್ಸೆಲ್ ಎತ್ತರ ಸಿಕ್ತು, 20 ಪರ್ಸೆಂಟಿಗೆ ಎರಡೆರಡು ಪಿಕ್ಸೆಲ್ ಥರ ಐದು ಹಂತ ಮಾಡಿದೀನಿ. ವೈಫೈ ಕಮಾನುಗಳು ಮಾತ್ರ ಇನ್ನೂ ಸ್ವಲ್ಪ ಮಸುಕು.

ಉತ್ತರ 1:
ಬಾಗಿದ ಗೆರೆ ಪೂರ್ತಿ ಶಾರ್ಪ್ ಆಗಲ್ಲ, ಅದು ಪರ್ವಾಗಿಲ್ಲ. ಕಮಾನು ಮೂರಿದ್ರೆ ಎರಡು ಮಾಡಿ, ಮಧ್ಯೆ ಜಾಗ ಪೂರ್ತಿ 2 ಪಿಕ್ಸೆಲ್ ಬಿಡಿ, ಕೆಳಗಿನ ಚುಕ್ಕೆ ಗ್ರಿಡ್ ಮೇಲೆ ಕೂರ್ಲಿ. ಮಾಡಿ ನೋಡಿ ಸ್ಕ್ರೀನ್‌ಶಾಟ್ ಹಾಕಿ, ಝೂಮ್ ಮಾಡ್ದೇ ಹಾಕಿ.